ಕಾಕಾರ ಎರಡನೆಯ ಮಾತು

ಕಾಕಾರ ಪರಿಚಯ ನನಗೆ ಆದದ್ದು ಕಪಾಳಕ್ಕೆ ಬಿದ್ದ ಒಂದು ಏಟಿನಿಂದ.

ಪುಣೆ ಹತ್ತಿರದ ಭೋಸರಿಯಲ್ಲಿ, ಕಬ್ಬಿಣ ಎರಕ ಹೊಯ್ಯುವ ಸಣ್ಣದೊಂದು ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು. ಭಟ್ಟಿಯ ಹತ್ತಿರ ಬಿದ್ದಿದ್ದ ಕಬ್ಬಿಣದ ಸರಳಿಗೆ ಮಣ್ಣು ಮೆತ್ತಿಕೊಂಡಿತ್ತು. ದೊಡ್ಡ ಶಾಣ್ಯಾನ ಹಾಗೆ ಅದನ್ನು ನಲ್ಲಿಯಲ್ಲಿ ತೊಳೆದು, ಕರಗಿದ ಕಬ್ಬಿಣ ಕೆದಕುವವನ ಕೈಗೆ ಕೊಡಲು ಹೊರಟೆ. ಕಾಕಾ ಎಲ್ಲಿಂದ ಬಂದರೋ ಗೊತ್ತಿಲ್ಲ, ರಪ್ಪನೆ ಬಿತ್ತು. ಕಿವಿ ಗುಂಯ್ ಎಂದಿತು, ಬಾಯಲ್ಲಿ ರಕ್ತದ ರುಚಿ ಬಂತು.

“ಹಸಿ ಕಬ್ಬಿಣ ಹಿಡ್ಕೊಂಡು ಬೆಂಕಿ ಕಡೆ ಬರತಿಯೇನೋ? ನಿನ್ನ ಹೆಣಾ ಹೊರಾಕ ಮಂದಿ ಎಲ್ಲಿಂದ ತರಲಿ ನಾ?”

ಅಂಗಿಯ ಗುಂಡಿ ಬಿಚ್ಚಿ ಕುತ್ತಿಗೆ ತೋರಿಸಿದರು. ಕಿವಿಯ ಕೆಳಗಿನಿಂದ ಭುಜದವರೆಗೆ ಚರ್ಮ ಸುಟ್ಟು ಸುರುಟಿತ್ತು. ಒಂದು ಹನಿ ನೀರು ಕರಗಿದ ಕಬ್ಬಿಣದ ಅಡಿಗೆ ಹೋದರೂ ಸಾಕು, ಅದು ಸಿಡಿದು ಕಬ್ಬಿಣವನ್ನೆಲ್ಲ ಮೇಲಕ್ಕೆ ಎರಚುತ್ತದೆ. ಹಿಂದೊಮ್ಮೆ ಯಾರೋ ನನ್ನಂಥ ಶಾಣ್ಯಾ ಹಾಗೆ ಮಾಡಿದ್ದನಂತೆ. ಕಾಕಾರ ಕುತ್ತಿಗೆ ಸುಟ್ಟಿತು, ಪಕ್ಕದಲ್ಲಿದ್ದವನಿಗೆ ಎರಡೂ ಕಣ್ಣು ಹೋದವು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಎದ್ದು ಬಂದು ನನ್ನ ಡಬ್ಬಿಯ ಮುಚ್ಚಳದ ಮೇಲೆ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಹಾಕಿದರು. “ಉಣ್ಣು. ಹೊಡದದ್ದು ನಿನಗಲ್ಲ, ನಿನ್ನ ಕೈಯಾಗಿನ ಸರಳಿಗೆ” ಎಂದರು. ಏಟು ಬಿದ್ದದ್ದು ಮಾತ್ರ ನನ್ನ ಕೆನ್ನೆಗೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಇಡೀ ಫೌಂಡ್ರಿಗೆ ಅವರು ಕಾಕಾ, ಅಷ್ಟೇ ಸಾಕು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾಗಿತ್ತು. ಮರಾಠಿ ಮಾತಾಡಿದರೂ ಕನ್ನಡ ಮಾತಾಡಿದಂತೆಯೇ ಕೇಳುತ್ತಿತ್ತು. ಹುಬ್ಬು ಅರ್ಧ ಸುಟ್ಟುಹೋಗಿತ್ತು, ಮುಂಗೈ ಮೇಲೆ ಒಂದೂ ಕೂದಲಿರಲಿಲ್ಲ. ಭಟ್ಟಿಗೆ ಗಾಳಿ ಊದುವ ಯಂತ್ರದ ಸದ್ದಿಗೆ ಕಿವಿ ಮಂದವಾಗಿ, ಮಾತೆಲ್ಲ ಚೀರಾಟವಾಗಿತ್ತು. ಭಟ್ಟಿಗೆ ಅವರೇ ಮೇಸ್ತ್ರಿ, ನಮಗೆ ಅವರೇ ಮುಖಂಡ.

ಸತ್ತವರನ್ನು ಮುದ್ದು ಮಾಡಿ ಬರೆಯುವುದು ನನ್ನಿಂದಾಗದು. ಕಾಕಾ ಹೊಡೆಯುತ್ತಿದ್ದರು. ಬೂಟು ಹಾಕದೆ ಬಂದವನಿಗೆ ಹೊಡೆದರು, ಕುಡಿದು ಬಂದ ಲಾರಿ ಡ್ರೈವರನನ್ನು ಕ್ಯಾಬಿನ್ನಿನಿಂದ ಎಳೆದು ಹೊಡೆದರು, ಹೆಂಡತಿಗೆ ಹೊಡೆದೆನೆಂದು ಜಂಬ ಕೊಚ್ಚಿದವನನ್ನು ಅವನ ಹಲ್ಲು ಅಲುಗಾಡುವಂತೆ ಹೊಡೆದರು. ಒಮ್ಮೆ ಚಹಾದ ಅಂಗಡಿಯಲ್ಲಿ ವಾದ ಜೋರಾಗಿ ಕೈಯಲ್ಲಿದ್ದ ಗ್ಲಾಸನ್ನು ಹಿಸುಕಿ ಪುಡಿ ಮಾಡಿದರು. ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು, ಅವರು ಮಾತು ನಿಲ್ಲಿಸಲಿಲ್ಲ. ಅಂಗಡಿಯವನು ಬಟ್ಟೆ ಸುತ್ತಲು ಬಂದರೆ ಅವನಿಗೂ ಬೈದರು. ನಮ್ಮಲ್ಲಿ ಅವರ ಏಟು ತಿನ್ನದವನು ಬಹುಶಃ ಫೌಂಡ್ರಿಯ ಮಾಲೀಕ, ನಮ್ಮ ಸಾವ್ಕಾರ ಒಬ್ಬನೇ.

ಮಾತಿನಲ್ಲಿಯೂ ಅವರದೊಂದು ರೀತಿಯಿತ್ತು. ಭಟ್ಟಿಗೆ ತೂತು ಹೊಡೆದಾಗ ಮೊದಲು ಹರಿದು ಬರುವ ಕಬ್ಬಿಣ ಮಂದವಾಗಿರುತ್ತದೆ. ಅದನ್ನು ಅಚ್ಚಿಗೆ ಹಾಕುವುದಿಲ್ಲ, ಪಕ್ಕದ ಮರಳಿಗೆ ಸುರಿಯುತ್ತಾರೆ. ಎರಡನೆಯ ಸಲದ್ದು ಮಾತ್ರ ಅಚ್ಚಿಗೆ. ಕಾಕಾ ಮಾತಾಡುತ್ತಿದ್ದುದೂ ಹೀಗೆಯೇ. ಮೊದಲು ಎದುರಿನವನ ಮಾತನ್ನೇ, ಅವನಿಗಿಂತ ಜೋರಾಗಿ ಹೇಳಿಬಿಡುತ್ತಿದ್ದರು. ಹೊಸಬರು ಗಾಬರಿಯಾಗುತ್ತಿದ್ದರು. ಆಮೇಲೆ ಬರುವುದು ಅವರ ಸ್ವಂತ ಮಾತು. ಗೇಟಿನ ಸಭೆಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆವು. “ಸಾವ್ಕಾರ ಹೇಳೂದು ಖರೇ ಅದ, ಈ ವರ್ಷ ಬೋನಸ್ ಕೊಡಾಕ ಆಗೂದಿಲ್ಲ!” ಎಂದು ಶುರು ಮಾಡಿ, ಕೊನೆಗೆ ಬೋನಸ್ ಇಸಿದುಕೊಂಡೇ ಹೊರಗೆ ಬರುತ್ತಿದ್ದರು.

ಆ ವರ್ಷ ಚುನಾವಣೆ ಹತ್ತಿರವಿತ್ತು. ನಮ್ಮ ಭಟ್ಟಿಗಳಿಗೆ ಎಲ್ಲಿಲ್ಲದ ಮರ್ಯಾದೆ ಬಂತು. ಒಬ್ಬ ನಾಯಕ ಗೇಟಿಗೆ ಬಂದು, ಭೂಮಿ ಸುಡುತ್ತಿದೆ, ಕೋಕ್ ಕಲ್ಲಿದ್ದಲು ಸುಡುವ ಭಟ್ಟಿಗಳನ್ನೆಲ್ಲ ಕೂಡಲೇ ಮುಚ್ಚಬೇಕು, ಇಲ್ಲದಿದ್ದರೆ ಮೊಮ್ಮಕ್ಕಳು ನಮ್ಮನ್ನು ಶಪಿಸುತ್ತಾರೆ ಎಂದ. ಮರುದಿನ ಇನ್ನೊಬ್ಬ ಬಂದು, ಪರದೇಶದವರು ನೂರಾರು ವರ್ಷ ಹೊಗೆ ಬಿಟ್ಟು ಶ್ರೀಮಂತರಾದರು, ಅದಕ್ಕೆ ಭೋಸರಿಯ ಕೂಲಿ ಯಾಕೆ ದಂಡ ತೆರಬೇಕು, ಮೊದಲು ಉದ್ಯೋಗ ಎಂದ. ಇಬ್ಬರಿಗೂ ನಾವು ಚಪ್ಪಾಳೆ ತಟ್ಟಿದೆವು. ಕಾಕಾ ತಟ್ಟಲಿಲ್ಲ.

“ಇಬ್ಬರೂ ಎಸಿ ಗಾಡ್ಯಾಗ ಬಂದ್ರು, ಎಸಿ ಗಾಡ್ಯಾಗ ಹೋದ್ರು” ಎಂದರು. “ಭೂಮಿ ಬಿಸಿ ಆಗೇದ ಅಂತ ಭಟ್ಟಿ ಮುಂದ ನಿಂತಾಂವಗ ಹೇಳಾಕ ಬಂದಾರ, ಭಾಡ್ಯಾಗೋಳು.”

ಆದರೆ ಮುಚ್ಚುವ ಮಾತು ಎತ್ತಿದರೆ ಎಲ್ಲರಿಗಿಂತ ಹೆಚ್ಚು ಉರಿಯುತ್ತಿದ್ದವರು ಅವರೇ. ಯೆರವಡಾದ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿಯೊಬ್ಬಳು ಶನಿವಾರ ಶನಿವಾರ ನಮ್ಮ ಗೇಟಿಗೆ ಬಂದು, ಹೊಗೆಯ ಬಗ್ಗೆ, ಬಿಸಿಲಿನ ಬಗ್ಗೆ ಕರಪತ್ರ ಹಂಚುತ್ತಿದ್ದಳು. ಕಾಕಾ ಒಂದು ದಿನ ಅದನ್ನು ಹರಿದು ಅವಳ ಮುಖಕ್ಕೇ ಎಸೆದು, ಸರಳು ಎತ್ತಿಕೊಂಡು ನುಗ್ಗಿದರು. ಅವಳು ಓಡಲಿಲ್ಲ. ನಿಂತಲ್ಲೇ ನಿಂತಿದ್ದಳು.

“ಹೊಡೀರಿ ಅಂಕಲ್. ಬಟ್ ಫಸ್ಟ್ ಓದಿ, ಆಮೇಲೆ ಹೊಡೀರಿ.”

ಕಾಕಾ ಸರಳನ್ನು ನೆಲಕ್ಕೆ ಬಡಿದು ಒಳಗೆ ಬಂದರು. ಓದಲಿಲ್ಲ. ಅವಳು ಮುಂದಿನ ಶನಿವಾರವೂ ಬಂದಳು.

ಅವರನ್ನು ಬದಲಿಸಿದ್ದು ಕರಪತ್ರವಲ್ಲ, ಏಪ್ರಿಲ್ಲಿನ ಒಂದು ಮಧ್ಯಾಹ್ನ. ನಾವು ಆಗ ನಲವತ್ಮೂರು ಮಂದಿ. ಭಟ್ಟಿಯ ಮೇಲಿನ ಕಟ್ಟೆಯಲ್ಲಿ ನಿಂತು ಅದರ ಬಾಯಿಗೆ ಕೋಕು, ಮುರಿದ ಕಬ್ಬಿಣ ಸುರಿಯುವವನು ಜತ್ತದ ಕಡೆಯ ಗಟ್ಟಿ ಆಳು. ಅಂದು ತಗಡಿನ ಚಾವಣಿ ಕಾದು ಮೇಲೆ ಉಸಿರೇ ಆಡುತ್ತಿರಲಿಲ್ಲ. ಅವನು ಎರಡು ಸಲ ಕೆಳಗಿಳಿದು ವಾಂತಿ ಮಾಡಿದ. ಮೂರನೆಯ ಸಲ ಇಳಿದು ಗೋಡೆಗೆ ಒರಗಿ ಕೂತ. ಭಟ್ಟಿ ಹಸಿದು ಬಾಯಿ ಬಿಡುತ್ತಿತ್ತು, ಕೋಕು ಬೀಳದಿದ್ದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಭಟ್ಟಿಯೇ ಹಾಳು. ಕಾಕಾ ಅವನ ರಟ್ಟೆ ಹಿಡಿದು ಎಬ್ಬಿಸಿದರು.

“ನಾಟಕ ಮಾಡಬ್ಯಾಡ. ಏರು ಮ್ಯಾಲೆ!” ಎಂದು ಬೆನ್ನಿಗೆ ಗುದ್ದಿ ಏಣಿಗೆ ದಬ್ಬಿದರು.

ಹತ್ತು ನಿಮಿಷವೂ ಆಗಿರಲಿಲ್ಲ. ಅವನು ಮೇಲಿನಿಂದ, ಕೈಯಲ್ಲಿ ಸಲಿಕೆ ಹಿಡಿದುಕೊಂಡೇ, ಕೆಳಗಿನ ಗುಜರಿ ರಾಶಿಯ ಮೇಲೆ ಬಿದ್ದ. ಮುರಿದ ಇಂಜಿನ್ನಿನ ತುಂಡೊಂದು ತಲೆಯೊಳಗೆ ಹೊಕ್ಕಿತ್ತು. ಕಾಕಾ ಅವನನ್ನು ಎತ್ತಿಕೊಂಡು ರಸ್ತೆಗೆ ಓಡಿದರು. ಅಂಗಿ, ಗಡ್ಡ ಎಲ್ಲ ರಕ್ತ. ರಿಕ್ಷಾದಲ್ಲಿಯೇ ಪ್ರಾಣ ಹೋಯಿತು. ಬೀಳುವ ಮೊದಲೇ ಬಿಸಿಲು ಅವನನ್ನು ಮುಗಿಸಿತ್ತು, ಪ್ರಜ್ಞೆ ತಪ್ಪಿಯೇ ಬಿದ್ದಿದ್ದಾನೆ ಎಂದರು ಡಾಕ್ಟರು. ಕಾಕಾ ಫೌಂಡ್ರಿಗೆ ವಾಪಸು ಬಂದು, ಇನ್ನೂ ಬಿಸಿಯಿದ್ದ ಭಟ್ಟಿಯ ಕವಚಕ್ಕೆ ಹಣೆ ಚಚ್ಚಿಕೊಳ್ಳತೊಡಗಿದರು. ಚರ್ಮ ಸುಟ್ಟ ವಾಸನೆ ಬಂತು. ನಾಲ್ಕು ಮಂದಿ ಸೇರಿ ಅವರನ್ನು ಎಳೆದು ಕೆಡವಿ, ಮೇಲೆ ಕೂತು ಹಿಡಿಯಬೇಕಾಯಿತು. ಆ ನಾಲ್ವರಲ್ಲಿ ನಾನೂ ಒಬ್ಬ. “ನಾನ ಏರಿಸಿದೆ, ನಾನ ಏರಿಸಿದೆ” ಎಂಬುದೊಂದೇ ಮಾತು ಅವರ ಬಾಯಲ್ಲಿ.

ಹಣೆಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಬಂದವರು ಬಹಳ ದಿನ ಯಾರಿಗೂ ಹೊಡೆಯಲಿಲ್ಲ. ಅದೇ ನಮಗೆ ಹೆದರಿಕೆ ಹುಟ್ಟಿಸಿತು. ಆಮೇಲೆ ಒಂದು ಶನಿವಾರ ನೋಡುತ್ತೇನೆ, ಚಹಾದ ಅಂಗಡಿಯ ಬೆಂಚಿನ ಮೇಲೆ ಆ ಹುಡುಗಿಯ ಜೊತೆ ಕೂತಿದ್ದಾರೆ. ನಾನು ಬೀಡಿ ತರುವ ನೆವ ಮಾಡಿ ಹತ್ತಿರ ನಿಂತೆ.

“ಕರೆಂಟ್ ಭಟ್ಟಿ ಬಂದ್ರೆ ಮೇಲೆ ನಿಂತು ಕೋಕ್ ಹಾಕೋ ಕೆಲಸಾನೇ ಇರಲ್ಲ ಅಂಕಲ್” ಎನ್ನುತ್ತಿದ್ದಳು ಅವಳು. “ಹೀಟ್ ಕಮ್ಮಿ, ಹೊಗೆ ಕಮ್ಮಿ. ಬಟ್ ಜನಾನೂ ಕಮ್ಮಿ ಸಾಕು. ಅರ್ಧ ಆಗ್ಬಹುದು. ನಾನ್ ಸುಳ್ ಹೇಳಲ್ಲ.”

“ಸುಳ್ಳ ಹೇಳಲಿಲ್ಲ ನೋಡವಾ, ಅದಕ್ಕ ನಿನ್ನ ಜೋಡಿ ಮಾತಾಡತೀನಿ” ಎಂದರು ಕಾಕಾ. “ಭಟ್ಟಿ ಹೋಗೂದ ಚೊಲೋ.”

ನನಗೆ ಅಷ್ಟೇ ಸಾಕಾಯಿತು. ಮಗಳನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದೆ. ಅರ್ಧ ಜನ ಎಂದರೆ ಯಾವ ಅರ್ಧ? ಅಚ್ಚು ಕಟ್ಟುವವರಲ್ಲಿ ನಾನೇ ಎಲ್ಲರಿಗಿಂತ ಈಚೆಗೆ ಬಂದವನು. ಒಳಗೆ ಹೋಗಿ ಎಲ್ಲರಿಗೂ ಹೇಳಿದೆ: ಕಾಕಾ ಆ ಹುಡುಗಿಯ ಕಡೆ ಸೇರಿದರು, ಭಟ್ಟಿ ಮುಚ್ಚಿಸುತ್ತಾರೆ. ಮೊದಲು ಹೇಳಿದವನು ನಾನೇ. ಸಂಜೆಯೊಳಗೆ ಅದು, ಕಾಕಾ ದುಡ್ಡು ತಿಂದಿದ್ದಾರೆ ಎನ್ನುವವರೆಗೆ ಬೆಳೆಯಿತು. ಬೆಳೆಯಲಿ ಎಂದು ಬಿಟ್ಟೆ.

ಎದುರಿಗೆ ಕೇಳಿದ್ದೂ ನಾನೇ. ಮುಷ್ಟಿ ಬಿಗಿದುಕೊಂಡೇ ಹೋಗಿದ್ದೆ.

“ಕಾಕಾ, ಖರೇ ಹೇಳ್ರಿ. ನಮ್ಮ ಹೊಟ್ಟಿ ಮ್ಯಾಲ ಹೊಡೀತೀರೇನ್ರಿ?”

ಅವರು ನನ್ನನ್ನೇ ನೋಡಿದರು. ಹಣೆಯ ಗಾಯ ಇನ್ನೂ ಕೆಂಪಗಿತ್ತು.

“ಆಫೀಸರು ಕರದ ಸಭಾದಾಗ ಹೇಳತೀನಿ. ಅಲ್ಲೀತನಾ ಬಾಯಿ ಬಿಡೂದಿಲ್ಲ ಅಂತ ಮಾತು ಕೊಟ್ಟೀನಿ. ನೀ ತಡೀ.”

“ಯಾರಿಗೆ ಕೊಟ್ಟೀರಿ ಮಾತು?”

“ತಡೀ ಅಂದ್ನಲ್ಲಾ.”

ಅಂದು ಅವರು ಕಪಾಳಕ್ಕೆ ಹೊಡೆದಿದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ. ತಡೆ ಎಂದದ್ದನ್ನು ತಡೆಯಲಾಗಲಿಲ್ಲ.

ಭಟ್ಟಿ ಮುಚ್ಚುವ ಬಗ್ಗೆ ಅಧಿಕಾರಿಗಳ ಅಹವಾಲು ಸಭೆ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಹಿಂದಿನ ದಿನದ ಮದುವೆಯ ಚೆಂಡುಹೂವು ಇನ್ನೂ ಕಂಬದಲ್ಲಿ ಒಣಗುತ್ತಿತ್ತು. ವೇದಿಕೆಯ ಮೇಲೆ ಅಧಿಕಾರಿಗಳು, ಮುಂದಿನ ಸಾಲಿನಲ್ಲಿ ಆ ಇಬ್ಬರು ನಾಯಕರು, ಅವರ ಪಕ್ಕಕ್ಕೆ ನಮ್ಮ ಸಾವ್ಕಾರ. ವಿಜಯಪುರದ ಕಡೆಯವನು, ಬಾಯಲ್ಲಿ ಯಾವಾಗಲೂ ಅಡಿಕೆ. ಭೂಮಿಯ ನಾಯಕ ಅರ್ಧ ಗಂಟೆ ಮಾತಾಡಿದ. ಉದ್ಯೋಗದ ನಾಯಕ ಎದ್ದು ಅವನನ್ನು ಬಡವರ ವೈರಿ ಎಂದ. ಭೂಮಿಯವನು ತಿರುಗಿ ಅವನನ್ನು ಹೊಗೆಯ ದಲಾಲ ಎಂದ. ಎರಡೂ ಕಡೆಯವರು ಕುರ್ಚಿ ಬಿಟ್ಟು ಎದ್ದು ತೋಳೇರಿಸಿದರು, ಯಾರೋ ನೀರಿನ ಬಾಟಲಿ ಎಸೆದರು, ಒಬ್ಬನ ಅಂಗಿ ಹರಿಯಿತು. ಪೊಲೀಸರು ನಡುವೆ ಬಂದು ಕೂರಿಸಿದರು. ಸಭೆಯಲ್ಲಿ ಗಾಳಿಯೇ ಇರಲಿಲ್ಲ, ಎಲ್ಲರ ಕಣ್ಣಲ್ಲೂ ನೆತ್ತರು ಇಳಿದಿತ್ತು.

ಆಗ ಕಾಕಾರನ್ನು ಕರೆದರು. ಅವರಿಗೆ ಮೈಕು ಬೇಕಿರಲಿಲ್ಲ, ಆದರೂ ಹಿಡಿದುಕೊಂಡರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

“ಈ ಭಟ್ಟಿ ಮುಚ್ಚಬೇಕು. ನಲವತ್ತೆರಡು ಮಂದಿ ಪರವಾಗಿ ನಾನ ಹೇಳತೀನಿ, ಮುಚ್ಚಬೇಕು.”

ಅವರು ಉಸಿರು ತೆಗೆದುಕೊಂಡರು. ಇನ್ನೊಂದು ಮಾತಿತ್ತು. ಅವರ ಬಾಯಿ ತೆರೆದಿತ್ತು, ಕೈ ಸಾವ್ಕಾರನ ಕಡೆ ಎತ್ತಿತ್ತು. ಆ ಮನುಷ್ಯ ಯಾವತ್ತೂ ಒಂದೇ ಮಾತಿಗೆ ನಿಲ್ಲಿಸಿದವರಲ್ಲ ಎಂದು ನನಗೆ, ನಮ್ಮೆಲ್ಲರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಎರಡನೆಯ ಕಬ್ಬಿಣಕ್ಕೆ ಕೈಕಟ್ಟಿ ಕಾಯುವ ನಾವು ಅಂದು ಕಾಯಲಿಲ್ಲ.

“ಗದ್ದಾರ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಅಷ್ಟೇ. ವೇದಿಕೆ ಯಾವಾಗ ಹತ್ತಿದೆನೋ ನೆನಪಿಲ್ಲ. ಮೊದಲ ಗುದ್ದು ಯಾರದೋ, ಅವರ ಮೂಗಿನಿಂದ ಬಂದ ರಕ್ತ ಬಿಳಿ ಅಂಗಿಯ ಮೇಲೆ ಬಿತ್ತು. ಏಳೆಂಟು ಮಂದಿ ಒದೆಯುತ್ತಿದ್ದೆವು. ಅಷ್ಟು ಮಂದಿಗೆ ಹೊಡೆದ ಮನುಷ್ಯ ಅಂದು ಒಬ್ಬನಿಗೂ ತಿರುಗಿ ಹೊಡೆಯಲಿಲ್ಲ. ಬಲಗೈ ಮೇಲೆತ್ತಿ, “ಏ, ಕೇಳ್ರೋ, ಮುಂದಿಂದು ಕೇಳ್ರೋ” ಎನ್ನುತ್ತಿದ್ದರು. ನನ್ನ ಕೈಗೆ ಕಬ್ಬಿಣದ ಮಡಚುವ ಕುರ್ಚಿ ಸಿಕ್ಕಿತ್ತು. ಎತ್ತಿದ ಆ ಕೈಯ ಮೇಲೆ ಹೊಡೆದೆ. ಎರಡು ಸಲ. ಎರಡನೆಯ ಸಲ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವರಿಗೆ ನನ್ನ ಮುಖವೂ ಕಾಣಿಸಿತು.

ಅಧಿಕಾರಿಗಳು ಹಿಂದಿನ ಬಾಗಿಲಿನಿಂದ ಹೋದರು. ಕೆಲಸಗಾರರು ಒಪ್ಪಲಿಲ್ಲ ಎಂದು ಬರೆದುಕೊಂಡರಂತೆ. ಒಬ್ಬ ನಾಯಕ ನಮ್ಮನ್ನು ಬಾಡಿಗೆ ಗೂಂಡಾಗಳೆಂದ. ಇನ್ನೊಬ್ಬ ಇದು ಹಸಿದ ಹೊಟ್ಟೆಯ ಸಿಟ್ಟು ಎಂದು ನಮ್ಮನ್ನು ಹೊಗಳಿದ.

ಆಸ್ಪತ್ರೆಗೆ ಹೋಗಲು ನನಗೆ ಒಂಬತ್ತು ದಿನ ಬೇಕಾದವು. ಪೊಲೀಸರಿಗೆ ಅವರು, ಗಲಾಟೆಯಲ್ಲಿ ವೇದಿಕೆಯಿಂದ ಬಿದ್ದೆ, ಯಾರನ್ನೂ ನೋಡಲಿಲ್ಲ ಎಂದು ಬರೆಸಿದ್ದರು. ಕಾಕು, ಅಂದರೆ ಅವರ ಹೆಂಡತಿ, ನನಗೆ ಸ್ಟೂಲು ಕೊಟ್ಟು ಹೊರಗೆ ಹೋದರು. ಅವರಿಗೆ ಗೊತ್ತಿತ್ತು ಎಂದು ಈಗಲೂ ಅನಿಸುತ್ತದೆ. ನಾನು ತಪ್ಪಾಯಿತು ಎನ್ನಲು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

“ಮುಂದ ಏನ್ ಹೇಳಾವ್ರಿದ್ರಿ, ಕಾಕಾ?”

“ನಲವತ್ತೆರಡು ಮಂದಿ ಮುಂದ ಹೇಳೂ ಮಾತು ಅದು” ಎಂದರು. “ಒಬ್ಬನ ಕಿವ್ಯಾಗ ಹೇಳಿದ್ರ ಚಾಡಿ ಆಗತದ. ಹೋಗು, ಪಾಳಿಗೆ ಟೈಮ್ ಆಗೇದ.” ಭಟ್ಟಿಗೆ ಇನ್ನೂ ಬೆಂಕಿಯಿತ್ತು ಆಗ.

ಮಳೆಗಾಲ ಮುಗಿಯುವ ಹೊತ್ತಿಗೆ ಭಟ್ಟಿ ಮುಚ್ಚುವ ಆದೇಶ ಬಂತು. ಕೆಲಸಗಾರರ ಬಗ್ಗೆ ಯಾವ ಷರತ್ತೂ ಇಲ್ಲದ ಆದೇಶ. ಸಾವ್ಕಾರ ಬೇರೆ ಕಡೆ ಶೆಡ್ಡು ಹಾಕಿ ಕರೆಂಟ್ ಭಟ್ಟಿ ಕೂಡಿಸಿದ, ಬೇರೆ ಆಳುಗಳನ್ನು ತೆಗೆದುಕೊಂಡ. ನಮ್ಮಲ್ಲಿ ಒಬ್ಬನನ್ನೂ ಕರೆಯಲಿಲ್ಲ. ಕೆಲವರು ಬಾರಾಮತಿಯ ಕಡೆ ಕಬ್ಬು ಕಡಿಯಲು ಹೋದರು, ಇಬ್ಬರು ಕುಡಿದು ಸತ್ತರು. ನಾನು ಯೆರವಡಾದ ಗಾಜಿನ ಕಟ್ಟಡವೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿ ನಿಂತೆ. ಇದು ಪರಿಸರ ಸ್ನೇಹಿ ಕಟ್ಟಡ ಎಂಬ ಫಲಕದ ಕೆಳಗೆ, ಬಿಸಿಲಲ್ಲಿ, ದಿನಕ್ಕೆ ಹನ್ನೆರಡು ಗಂಟೆ. ಕಾಕಾರ ಕೈ ಸೊಟ್ಟಗೆ ಕೂಡಿತು. ರೊಟ್ಟಿ ಮುರಿಯಲೂ ಎಡಗೈಯೇ ಬೇಕಿತ್ತು. ಹಬ್ಬಕ್ಕೆ ಹೋದರೆ ಕೂರಿಸಿ ಉಣಿಸುತ್ತಿದ್ದರು, ಬೈಯುತ್ತಿದ್ದರು, ಸರ್ಕಾರವನ್ನು, ಎರಡೂ ಪಕ್ಷಗಳನ್ನು ಜಾಲಾಡುತ್ತಿದ್ದರು. ಆ ಸಭೆಯ ಮಾತು ಮಾತ್ರ ಒಂದು ದಿನವೂ ಎತ್ತಲಿಲ್ಲ. ಅವರು ಎತ್ತಲಿ, ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಐದು ವರ್ಷ ಕಾದೆ.

ಕಳೆದ ತಿಂಗಳು ತೀರಿಕೊಂಡರು. ಎದೆಯಲ್ಲಿ ಹೊಗೆಯ ಕಪ್ಪು ತುಂಬಿತ್ತಂತೆ.

ಮಣ್ಣು ಮಾಡಿ ಬಂದು ಮನೆಯ ಮುಂದೆ ಕೂತಿದ್ದೆವು. ಸಾವ್ಕಾರ ಕಾರಿನಲ್ಲಿ ಬಂದ. ಕಾಕುಗೆ ಕೈಮುಗಿದು ಹೊರಗೆ ಬಂದವನು, ನನ್ನ ಗುರುತು ಹಿಡಿದು ಪಕ್ಕದಲ್ಲಿ ನಿಂತ. ಮುದುಕನಾಗಿದ್ದ. ಅಡಿಕೆ ಬಿಟ್ಟಿದ್ದ.

“ಆವತ್ತ ಸಭಾದಾಗ ನನ್ನ ಕಿಸೇದಾಗ ಕಾಗದ ಇತ್ತು” ಎಂದ. ತನಗೆ ತಾನೇ ಹೇಳಿಕೊಂಡ ಹಾಗಿತ್ತು. “ಹೊಸಾ ಭಟ್ಟಿ ಬಂದ ಮ್ಯಾಲ ನಲವತ್ತೆರಡು ಮಂದ್ಯಾಗ ಒಬ್ಬಾಂವನ್ನೂ ತಗಿಯೂದಿಲ್ಲ, ಎಲ್ಲಾರಿಗೂ ಕೆಲಸ ಕಲಿಸ್ತೀನಿ ಅಂತ ಸಹಿ ಮಾಡಿದ್ದೆ. ಆಂವ ಹದಿನೈದು ದಿನಾ ನನ್ನ ಮನೀ ಬಾಗಲದಾಗ ಕುಂತು ಬರಸಿದ್ದ. ಮೊದಲ ಆಂವ ಎಲ್ಲಾರ ಮುಂದ ಮುಚ್ಚಾಕ ಒಪ್ಪಬೇಕು, ಆಮ್ಯಾಲ ನಾ ಎದ್ದು ಆಫೀಸರ ಕೈಗೆ ಕಾಗದ ಕೊಡಬೇಕು. ಅಲ್ಲೀತನಾ ಬಾಯಿ ಬಿಡಬಾರದು, ಬ್ಯಾರೆ ಸಾವ್ಕಾರ್ರಿಗೆ ಗೊತ್ತಾದ್ರ ತಡೀತಾರ ಅಂತ ನಾನ ಹೇಳಿದ್ದೆ.”

ನನ್ನ ಕಿವಿಯಲ್ಲಿ ಗಾಳಿಯಂತ್ರದ ಸದ್ದು ಶುರುವಾಯಿತು. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಜನ ಎದ್ದು ನಿಂತರು. ಅವನ ಕಣ್ಣು ಹೊರಗೆ ಬಂದಿತ್ತು, ಆದರೂ ನಾನು ಬಿಡಲಿಲ್ಲ.

“ಕಾಗದ ಇತ್ತಲ್ಲೋ! ಮರುದಿನ ಯಾಕ ಕೊಡಲಿಲ್ಲ? ಆಮೇಲರ ಯಾಕ ಕೊಡಲಿಲ್ಲ?”

“ಆಂವ ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಎರಡು ಸಲ ಕೇಳಾಕ ಬಂದಿದ್ದ” ಎಂದ ಸಾವ್ಕಾರ, ಉಸಿರು ಎಳೆದುಕೊಳ್ಳುತ್ತಾ. “ಮೂರನೇ ಸಲ ನಾ ಗೇಟ್ ತಗಸಲಿಲ್ಲ. ಕೊಡಬೇಕಂದ್ರ ಯಾರ ಹೆಸರಿಗೆ ಕೊಡಲಿ? ಆಂವ ನಮ್ಮಾಂವ ಅಲ್ಲಾ ಅಂತ ನೀವ ಊರ ಮುಂದ ಹೊಡದು ತೋರಿಸಿದ್ರಿ.”

ಅದು ಹಸಿ ನೆವ. ಕೊಡುವ ಮನಸ್ಸಿದ್ದರೆ ಯಾವ ದಿನವಾದರೂ ಕೊಡಬಹುದಿತ್ತು, ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಆ ನೆವವನ್ನು ಅವನ ಕೈಗೆ ಇಟ್ಟವನು ನಾನೇ. ಗೋಡೆಗೆ ಒತ್ತಿ ಹಿಡಿದ ನನ್ನ ಕೈ ತಾನಾಗಿ ಕೆಳಗೆ ಬಂತು. ಸಾವ್ಕಾರ ಅಂಗಿ ಸರಿಮಾಡಿಕೊಂಡು ಕಾರು ಹತ್ತಿದ. ಬಾಗಿಲಲ್ಲಿ ನಿಂತಿದ್ದ ಕಾಕು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನನ್ನನ್ನು ಒಳಗೆ ಕರೆಯಲಿಲ್ಲ.